ಕಡಲಾಳದ ಒಡೆಯನ ದನಿ

ಮೂರು ವಾರದಿಂದ ಕೆಮ್ಮು. ಡಾಕ್ಟರು ಕೊಟ್ಟ ಸಿರಪ್ಪು ಎರಡು ಬಾಟಲಿ ಖಾಲಿ ಮಾಡಿದೆ, ಅದು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕಳೆದ ವಾರ ಆಫೀಸಿನಿಂದ ಬರುವಾಗ ಮುಲುಂಡ್ ಸ್ಟೇಷನ್ನಿನ ಹೊರಗೆ ಗಿಡಮೂಲಿಕೆ ಮಾರುವ ಅಂಗಡಿಯೆದುರು ನಿಂತು, ಗಂಟಲಿಗೆ ಏನಾದರೂ ಕೊಡಿ ಎಂದೆ. ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತೆಗೆದ, ಅಷ್ಟೆ. ಜ್ಯೇಷ್ಠಮಧು... ಒಣಬೇರಿನ ಆ ಸಿಹಿ ವಾಸನೆ, ಅದರ ಹಿಂದೆಯೇ ಒಂದಿಷ್ಟು ಮಣ್ಣಿನ ವಾಸನೆ. ಹಿಂದಿನಿಂದ ಜನ ತಳ್ಳುತ್ತಿದ್ದರು, ರಿಕ್ಷಾದವರು ಕೂಗುತ್ತಿದ್ದರು. ನಾನು ಮಾತ್ರ ಕೈ ಚಾಚಿಕೊಂಡು ಕಂಬದ ಹಾಗೆ ನಿಂತುಬಿಟ್ಟಿದ್ದೆ. "ಮೇಡಂ, ಲೇನಾ ಹೈ ಕ್ಯಾ?" ಎಂದು ಅವನು ಎರಡನೇ ಸಲ ಕೇಳಿದಾಗ ಎಚ್ಚರವಾಯಿತು.

ಅದು ನನ್ನ ಟ್ಯೂಷನ್ ಸರ್ ಅವರ ಮನೆಯ ವಾಸನೆ.

ನಮ್ಮದೇ ಹೌಸಿಂಗ್ ಸೊಸೈಟಿಯ ಎರಡನೇ ಮಹಡಿಯಲ್ಲಿ ಅವರದೊಂದು ರೂಮು, ಒಂದು ಅಡುಗೆಮನೆ. ಕುಂದಾಪುರದ ಕಡೆಯವರು. ಮದುವೆಯಾಗಿರಲಿಲ್ಲ. ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಎರಡು ಬ್ಯಾಚು ಗಣಿತ ಹೇಳಿಕೊಡುತ್ತಿದ್ದರು. ನಾನು ಒಂಬತ್ತನೇ ಕ್ಲಾಸಿನಿಂದ ಹನ್ನೆರಡರ ತನಕ ಅವರ ಹತ್ತಿರವೇ ಕಲಿತೆ. ನಾವೂ ಉಡುಪಿಯ ಕಡೆಯವರೇ ಆದರೂ ನನ್ನ ಕನ್ನಡ ಆಗ ದೇವರಿಗೇ ಪ್ರೀತಿ. ಅಮ್ಮ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ತಿರುಗಿ ಮಾತಾಡುವ ಜಾತಿ ನಾನು. ಸರ್ ಹಾಗಲ್ಲ. ಅವರು ತಾಳಮದ್ದಳೆಯ ಅರ್ಥಧಾರಿ. ವೇಷ ಕಟ್ಟದೆ, ಕುಣಿಯದೆ, ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಒಂದು ಪಾತ್ರವಾಗಿ ಎದುರಿನ ಪಾತ್ರದ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಾರಲ್ಲ, ಅದು. ಬರೆದಿಟ್ಟ ಮಾತು ಒಂದೂ ಇಲ್ಲ, ಬಾಯಿಗೆ ಬಂದದ್ದೇ ಮಾತು. ಮುಂಬಯಿಯಲ್ಲಿ ಎಲ್ಲಿ ಕೂಟವಿದ್ದರೂ ಸರ್ ಹೋಗುತ್ತಿದ್ದರು. ಅವರ ಸ್ವರದ ಮೇಲೆ ಜನಕ್ಕೆ ಹುಚ್ಚು ಎಂದು ಅಪ್ಪ ಹೇಳುತ್ತಿದ್ದರು. ನನಗಂತೂ ಆ ಸ್ವರದಲ್ಲಿ ಕೇಳಿದ್ದು ಬರೀ ತ್ರಿಕೋನಮಿತಿ.

ಕಥೆ ಕಟ್ಟುವ ಒಂದು ಆಟವನ್ನು ಅವರ ಮನೆಗೆ ತಂದವನು ಪವಾಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರ ಹಳೇ ಶಿಷ್ಯ. ಹಾಸ್ಟೆಲಿನಲ್ಲಿ ಆಡುತ್ತಾರಂತೆ. ಒಬ್ಬರು ಕಥೆ ನಡೆಸುವವರು, ಉಳಿದವರು ಕಥೆಯೊಳಗೆ ಒಂದೊಂದು ಪಾತ್ರ. ಎದುರಿಗೆ ಗುಹೆ ಇದೆ, ಏನು ಮಾಡ್ತೀಯ ಎಂದು ಅವರು ಕೇಳಬೇಕು, ನಾವು ಹೇಳಬೇಕು. ಹೇಳಿದ್ದು ಆದೀತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಆ ಹುಡುಗ ಪುಸ್ತಕ, ದಾಳ ಎಲ್ಲ ಹರಡಿ ಒಂದು ಗಂಟೆ ವಿವರಿಸಿದ ಮೇಲೆ ಸರ್ ನಕ್ಕುಬಿಟ್ಟರಂತೆ. "ಇದು ನಮ್ಮ ತಾಳಮದ್ದಳೆಯೇ ಅಲ್ವಾ ಮಾರಾಯ? ದಾಳ ಒಂದು ಹೆಚ್ಚು, ಅಷ್ಟೆ."

ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾವು ಮೂವರು ಅವರ ಮನೆಯಲ್ಲಿ ಆಡಲು ಶುರುಮಾಡಿದೆವು. ನಾನು, ಮರಾಠಿ ಮನೆಯ ಕೇತಕಿ, ಗುಜರಾತಿ ಮನೆಯ ಜಿಗ್ನೇಶ. ಭಾನುವಾರ ಮಧ್ಯಾಹ್ನ, ಊಟ ಮುಗಿಸಿಕೊಂಡು. ಟ್ಯೂಷನ್ನಿನ ಚಾಪೆಯ ಮೇಲೆಯೇ. ಜಿಗ್ನೇಶ ಕತ್ತಿ ಹಿಡಿದ ಯೋಧ, ಕೇತಕಿ ಪುಸ್ತಕ ಓದಿ ಮಂತ್ರ ಕಲಿತವಳು. ನಾನು ಏನಾಗಲಿ ಎಂದು ಹಾಳೆ ಹಿಡಿದು ಕೂತಿದ್ದಾಗ ಸರ್ ನನಗೊಬ್ಬಳಿಗೇ ಕನ್ನಡದಲ್ಲಿ ಹೇಳಿದರು: "ನೀನು ವಾರ್ಲಾಕ್ ಆಗು. ವಾರ್ಲಾಕಿಗೆ ಸ್ವಂತದ ಮಂತ್ರ ಎಂತದೂ ಇಲ್ಲ. ತನಗಿಂತ ದೊಡ್ಡ ಒಂದು ಶಕ್ತಿಗೆ ಮಾತು ಕೊಡ್ತಾನೆ, ಅದರಿಂದ ಬಲ ಪಡೀತಾನೆ. ಪುಸ್ತಕದಲ್ಲಿ ಆ ಶಕ್ತಿಗೆ ಪೇಟ್ರನ್ ಅಂತಾರೆ. ನಾವು ಒಡೆಯ ಅನ್ನುವ."

ಓದುವ ಕೆಲಸವಿಲ್ಲ, ಬರೀ ಮಾತು ಕೊಟ್ಟರೆ ಸಾಕು ಅಂದರೆ ನನಗೆ ಹೇಳಿ ಮಾಡಿಸಿದ್ದು ಎಂದು ಒಪ್ಪಿಕೊಂಡೆ. ಪೆದ್ದಿ!

ನನ್ನ ಒಡೆಯ ಕಡಲಿನ ಆಳದಲ್ಲಿರುವವನು. ಅವನ ಮಾತನ್ನು ಸರ್ ಆಡುವುದು ಕನ್ನಡದಲ್ಲಿ, ಅದೂ ತಾಳಮದ್ದಳೆಯ ಕನ್ನಡದಲ್ಲಿ. ಉಳಿದ ಆಟವೆಲ್ಲ ಹಿಂದಿಯಲ್ಲೇ ನಡೆಯುತ್ತಿತ್ತು. ಕೇತಕಿಗಾಗಲಿ ಜಿಗ್ನೇಶನಿಗಾಗಲಿ ಒಡೆಯನ ಮಾತು ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದರಿಂದಲೇ ಅವರಿಬ್ಬರಿಗೆ ಅದು ಭಾರೀ ಇಷ್ಟ. ಕಥೆಯಲ್ಲೂ ಹಾಗೇ ಇರಬೇಕಂತೆ, ವಾರ್ಲಾಕ್ ಮತ್ತು ಒಡೆಯನ ನಡುವಿನ ಮಾತು ಬೇರೆಯವರಿಗೆ ತಿಳಿಯಬಾರದಂತೆ.

ಒಪ್ಪಂದ ಮಾಡಿದ ದಿನ ಸರ್ ಎದ್ದು ಹೋಗಿ ದೇವರ ಗೂಡಿನಿಂದ ಒಂದು ವೀಳ್ಯದೆಲೆ, ಒಂದು ಅಡಿಕೆ ತಂದರು. ನಮ್ಮ ಕಡೆ ಕಲಾವಿದರನ್ನು ಕರೆಯುವಾಗ ವೀಳ್ಯ ಕೊಡುತ್ತಾರೆ; ತಗೊಂಡ ಮೇಲೆ ಮುಗಿಯಿತು, ಬರುವುದಿಲ್ಲ ಅನ್ನುವ ಹಾಗಿಲ್ಲ. ಅದನ್ನು ನನ್ನ ಅಂಗೈ ಮೇಲಿಟ್ಟು ಕಣ್ಣು ಅರೆಮುಚ್ಚಿ ಹೇಳಿದರು. "ಮೂರು ವರ ಕೊಡುವೆ. ಪ್ರತಿಯಾಗಿ ನನ್ನದೊಂದು ಗುಟ್ಟನ್ನು ನೀನು ಕಾಯಬೇಕು. ಯಾವ ಗುಟ್ಟೆಂದು ಕಾಲ ಬಂದಾಗ ತಿಳಿಯುತ್ತದೆ. ಮುರಿದೆಯೋ, ಕೊಟ್ಟದ್ದೆಲ್ಲ ವಾಪಸ್. ಒಪ್ಪಿಗೆಯೋ?"

"ಒಪ್ಪಿಗೆ, ಒಡೆಯಾ" ಎಂದೆ. ಮೈ ಜುಂ ಅಂದಿತು. ಚಿಕ್ಕವಳಿದ್ದಾಗ ನನಗೆ ಕಾಮಾಲೆ ಆಗಿ ಬದುಕಿದ್ದಕ್ಕೆ, ಹರಕೆ ತೀರಿಸಲೆಂದು ಅಮ್ಮ ಇದ್ದ ರಜೆಯನ್ನೆಲ್ಲ ಹಾಕಿ ಊರಿನ ದೈವದ ಎದುರು ನನ್ನನ್ನು ನಿಲ್ಲಿಸಿ ಬಂದವಳು. ನಮ್ಮ ಮನೆಯಲ್ಲಿ ದೊಡ್ಡವರಿಗೆ ಹೇಳಿದ ಸುಳ್ಳಿಗೆ ಕ್ಷಮೆ ಉಂಟು, ದೈವಕ್ಕೆ ಕೊಟ್ಟ ಮಾತಿಗಿಲ್ಲ. ಇದು ಆಟ ಎಂದು ನನಗೆ ಗೊತ್ತಿತ್ತು. ಆದರೆ ಅಂಗೈ ಮೇಲೆ ಇದ್ದದ್ದು ನಿಜವಾದ ವೀಳ್ಯದೆಲೆ.

ಸರ್‌ಗೆ ಆಗಲೇ ಗೊತ್ತಿತ್ತೋ ಏನೋ... ಇವತ್ತಿಗೂ ನನಗೆ ತಿಳಿಯದು.

ಜೂನ್, ಜುಲೈ ಹೊತ್ತಿಗೆ ಒಡೆಯನ ದನಿ ಬದಲಾಯಿತು. ಮೊದಲು ಗಂಭೀರವಾಗಿತ್ತು, ಈಗ ಗರಗರ. ಕಲ್ಲಿನ ಮೇಲೆ ಕಲ್ಲು ಎಳೆದಂತೆ. ನಮಗೆ ಎಷ್ಟು ಖುಷಿ ಅಂತೀರಿ! "ಸರ್, ಕ್ಯಾ ಆವಾಜ್ ನಿಕಾಲಾ ಹೈ!" ಎಂದು ಜಿಗ್ನೇಶ ಎದೆ ಹಿಡಿದುಕೊಂಡು ಬೀಳುವ ನಾಟಕ ಮಾಡಿದ. ಕೇತಕಿ ಚಪ್ಪಾಳೆ ತಟ್ಟಿದಳು. ಸರ್ ಎರಡು ಕೈ ಜೋಡಿಸಿ ತಲೆ ಬಗ್ಗಿಸಿದರು. ತಿಂಗಳಿಗೊಂದು ಸಲ ದಹಿಸರ್‌ನಿಂದ ದಾದರಿಗೆ ಬಂದು, ರೈಲು ಬದಲಿಸಿ, ತಿಂಡಿಯ ಡಬ್ಬಿ ಹೊತ್ತುಕೊಂಡು ಬರುತ್ತಿದ್ದ ಅವರ ಅಕ್ಕನೂ ಹಾಗೆಯೇ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿದವರು ಅವರು. ಅಡುಗೆಮನೆಯಿಂದ ಕೇಳಿಸಿಕೊಂಡು, "ಈಗ ಒಳ್ಳೆ ಖಳನ ಸ್ವರ ಬಂದಿದೆ ನೋಡು ತಮ್ಮ. ಇಷ್ಟು ವರ್ಷ ಎಲ್ಲಿಟ್ಟಿದ್ದೆ?" ಎಂದರು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರಿಗೆ ತೋರಿಸಿ ಅನ್ನುತ್ತಿದ್ದರು. ಅರ್ಥಧಾರಿಯ ಗಂಟಲು ಒಡೆದರೆ ನಮ್ಮವರು ಪಾತ್ರ ಪಳಗಿತು ಅನ್ನುತ್ತಾರೆ.

ಆಗಸ್ಟಿನ ಒಂದು ಭಾನುವಾರ ನಾನು ಬೇಗ ಹೋಗಿದ್ದೆ. ಬಾಗಿಲು ತೆರೆದೇ ಇತ್ತು, ಸರ್ ಸ್ನಾನಕ್ಕೆ ಹೋಗಿದ್ದರು. ನಮ್ಮ ಪಾತ್ರಗಳ ಹಾಳೆಗಳನ್ನು ಅವರು ಒಂದು ನೀಲಿ ಪ್ಲಾಸ್ಟಿಕ್ ಫೈಲಿನಲ್ಲಿ ಇಡುತ್ತಿದ್ದರು. ಮೇಜಿನ ಮೇಲೆ ನೀಲಿ ಫೈಲೇ ಇತ್ತು, ತೆರೆದೆ. ಅದು ಆಸ್ಪತ್ರೆಯದ್ದು. ನಾನು ಸೈನ್ಸ್ ಹುಡುಗಿ, ಓದಿ ಅರ್ಥಮಾಡಿಕೊಳ್ಳುವಷ್ಟು ತಿಳುವಳಿಕೆ ಇತ್ತು. ಧ್ವನಿಪೆಟ್ಟಿಗೆಯಲ್ಲಿ ಗಂಟು. ಕ್ಯಾನ್ಸರ್. ಕೆಳಗೆ ಡಾಕ್ಟರರ ಕೈಬರಹ: ಕೂಡಲೇ ಚಿಕಿತ್ಸೆ ಶುರುಮಾಡಬೇಕು, ಈಗ ಮಾಡಿದರೆ ಸ್ವರವೂ ಉಳಿದೀತು. ತಾರೀಕು ನೋಡಿದೆ, ಎರಡು ತಿಂಗಳು ಹಿಂದಿನದು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಕೇತಕಿ, ಜಿಗ್ನೇಶರ ಗಲಾಟೆ ಕೇಳಿಸಿತು. ಅವರು ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಸರ್ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ನನ್ನ ಕೈಯಲ್ಲಿ ಫೈಲು. ನನ್ನ ಮುಖ ನೋಡಿದರು, ಫೈಲು ನೋಡಿದರು. ಟವೆಲನ್ನು ಕುರ್ಚಿಯ ಮೇಲೆ ಹಾಕಿ ಚಾಪೆಯ ಮೇಲೆ ಕೂತು, ದಾಳ ಕೈಗೆತ್ತಿಕೊಂಡು, ಆ ಗರಗರ ದನಿಯಲ್ಲಿ ಕನ್ನಡದಲ್ಲಿ ಶುರುಮಾಡಿದರು.

"ಕಾಲ ಬಂದಿದೆ ಮಗಳೇ. ಕಾಯಬೇಕಾದ ಗುಟ್ಟು ಈಗ ನಿನ್ನ ಕೈಯಲ್ಲೇ ಇದೆ. ಮಾತು ಕೊಟ್ಟದ್ದು ನೆನಪುಂಟೋ?"

ಜಿಗ್ನೇಶ, ಕೇತಕಿ ಖುಷಿಯಲ್ಲಿ ನೆಟ್ಟಗೆ ಕೂತರು.

"ಉಂಟು, ಒಡೆಯಾ" ಎಂದೆ.

"ಕ್ಯಾ ಬೋಲ್ ರಹೇ ಹೈ?" ಎಂದು ಕೇತಕಿ ನನ್ನ ಕಿವಿಯಲ್ಲಿ ಕೇಳಿದಳು. "ಕುಛ್ ನಹೀ, ಸ್ಟೋರಿ ಕಾ ಹೈ" ಎಂದು ಫೈಲನ್ನು ಪುಸ್ತಕಗಳ ಅಡಿಗೆ ತುರುಕಿದೆ.

ಆ ದಿನ ಮನೆಗೆ ಹೋಗಿ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಅಮ್ಮನಿಗೆ ಹೇಳಿದರೆ ಐದು ನಿಮಿಷದಲ್ಲಿ ಇಡೀ ಸೊಸೈಟಿಗೆ ಗೊತ್ತಾಗುತ್ತಿತ್ತು, ಅವರ ಅಕ್ಕನಿಗೂ ತಲುಪುತ್ತಿತ್ತು. ಹದಿನೆಂಟು ವರ್ಷದ ಹುಡುಗಿಗೆ ಅಷ್ಟು ಬುದ್ಧಿ ಇರಲಿಲ್ಲವೇ? ಇತ್ತು. ಆದರೆ ಬಾಯಿ ತೆರೆದಾಗಲೆಲ್ಲ ಅಂಗೈಯಲ್ಲಿ ಎಲೆಯ ತಣ್ಣಗಿನ ಸ್ಪರ್ಶ ನೆನಪಾಗುತ್ತಿತ್ತು. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಏನಾಗಬೇಕು... ಅಷ್ಟು ದೊಡ್ಡ ಮನುಷ್ಯ ತನ್ನ ಪ್ರಾಣದ ಗುಟ್ಟನ್ನು ನನ್ನ ಕೈಯಲ್ಲಿ ಇಟ್ಟಿದ್ದಾರೆ ಅನ್ನುವ ಒಂದು ಜಂಬವೂ ಇತ್ತು. ನಾಚಿಕೆಯಾಗುತ್ತದೆ.

ಸರ್ ದಿನವಿಡೀ ಜಗಿಯುತ್ತಿದ್ದ ಎಲೆಯಡಿಕೆ ಬಿಟ್ಟರು. ಡಾಕ್ಟರು ಬೈದಿರಬೇಕು. ಅದರ ಬದಲು ಜ್ಯೇಷ್ಠಮಧುವಿನ ಕಡ್ಡಿ ಬಾಯಲ್ಲಿ ಇಟ್ಟುಕೊಂಡೇ ಇರುತ್ತಿದ್ದರು. ಅಂಗಿಯ ಜೇಬಿನಲ್ಲಿ, ಮೇಜಿನ ಮೇಲೆ, ಸೀಮೆಸುಣ್ಣದ ಡಬ್ಬಿಯಲ್ಲಿ, ಎಲ್ಲ ಕಡೆ ಅದೇ. ಚಿಕಿತ್ಸೆಗೆ ಮಾತ್ರ ಹೋಗಲಿಲ್ಲ. ನಾನು ಪ್ರತಿ ಭಾನುವಾರ ಆ ರೂಮಿಗೆ ಹೋಗುವಾಗ, ಈ ವಾರ ದನಿ ಎಷ್ಟು ಇಳಿದಿದೆ ಎಂದು ಬಾಗಿಲಲ್ಲೇ ಕಿವಿಗೊಟ್ಟು ಕೇಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಕೇತಕಿ ತನ್ನ ಹೊಸ ಫೋನಿನಲ್ಲಿ ಒಡೆಯನ ಮಾತು ರೆಕಾರ್ಡ್ ಮಾಡುತ್ತೇನೆಂದು ಅದನ್ನು ಚಾಪೆಯ ನಡುವೆ ಇಟ್ಟಳು. ಸರ್ ಬೇಡವೆನ್ನಲಿಲ್ಲ. ಕಡಲು ಉಕ್ಕಿ ಊರು ಮುಳುಗುವ ಸನ್ನಿವೇಶ, ಉದ್ದದ ಮಾತು. ನಡುವೆ ದನಿ ನಿಂತುಹೋಯಿತು. ತುಟಿ ಆಡುತ್ತಿದೆ, ಶಬ್ದವಿಲ್ಲ. ಒಂದು ಕ್ಷಣ... ಎರಡು ಕ್ಷಣ... ಜಿಗ್ನೇಶ ಹುಬ್ಬು ಗಂಟಿಕ್ಕಿ ಅವರನ್ನೇ ನೋಡತೊಡಗಿದ. ಗುಟ್ಟು ಬಯಲಾಯಿತು ಎಂದುಕೊಂಡೆ. ಏನು ಮಾಡಲಿ? ಚಪ್ಪಾಳೆ ಹೊಡೆದೆ. ಜೋರಾಗಿ, ಹುಚ್ಚಿಯ ಹಾಗೆ. "ವಾಹ್ ಸರ್! ಮೌನವೇ ಶಾಪ!" ಎಂದೇನೋ ಬಡಬಡಿಸಿದೆ. ಅವರಿಬ್ಬರೂ ಸೇರಿಕೊಂಡರು. ಸರ್ ನೀರು ಕುಡಿದರು, ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಉಪಕಾರ ಸ್ಮರಣೆ ಇತ್ತು. ನನಗೆ ಅದೇ ದೊಡ್ಡ ಬಹುಮಾನ ಅನ್ನಿಸಿತು, ನೋಡಿ ನನ್ನ ಬುದ್ಧಿ.

ಅಕ್ಟೋಬರಿನಲ್ಲಿ ಇನ್ನು ತಡೆಯಲಾಗಲಿಲ್ಲ. ಮಾತು ಮುರಿಯದೆಯೇ ದಾರಿ ಹುಡುಕಬೇಕು ಎಂದು ನಾಲ್ಕು ದಿನ ಯೋಚಿಸಿ ಹೋದೆ. ಎರಡು ವರ ಕಥೆಯಲ್ಲಿ ಖರ್ಚಾಗಿದ್ದವು, ಮೂರನೆಯದು ಉಳಿದಿತ್ತು. ಆಟದ ನಡುವೆ ಎದ್ದು ನಿಂತು ಕನ್ನಡದಲ್ಲಿ ಹೇಳಿದೆ: "ಒಡೆಯಾ, ಮೂರನೇ ವರ ಬೇಕು. ನೀವು ನಾಳೆಯೇ ವೈದ್ಯರ ಹತ್ತಿರ ಹೋಗಬೇಕು."

ದಾಳ ಉರುಳಿಸುತ್ತಿದ್ದ ಕೈ ನಿಂತಿತು. ಸರ್ ಬೆನ್ನು ನೆಟ್ಟಗೆ ಮಾಡಿ ಕೂತರು. ಕೂಟದಲ್ಲಿ ಎದುರಾಳಿ ಒಳ್ಳೆಯ ಮಾತು ಆಡಿದಾಗ ಹಾಗೆ ಕೂರುತ್ತಾರೆ.

"ವರವೆಂಬುದು ಬೇಡುವವಳ ಬಾಳಿಗೆ. ಕೊಡುವವನ ಬಾಳಿನ ಮೇಲೆ ನಿನಗೆ ಅಧಿಕಾರ ಕೊಟ್ಟವರಾರು?"

"ನೀವಿಲ್ಲದಿದ್ದರೆ ನನಗೆ ಬಲವಿಲ್ಲ. ಹಾಗಾಗಿ ನಾನು ಬೇಡುವುದು ನನಗಾಗಿಯೇ."

"ಹಾಗಾದರೆ ನಿನಗೆ ಬೇಕಾದದ್ದು ನನ್ನ ಬಲ. ನಾನಲ್ಲ."

ನನ್ನ ಹರಕು ಕನ್ನಡಕ್ಕೆ ಅಲ್ಲಿಗೇ ಉಸಿರು ಕಟ್ಟಿತು. ಮೂವತ್ತು ವರ್ಷ ವಾದ ಮಾಡಿದವರ ಎದುರು ನಾನೆಲ್ಲಿ? ಕೇತಕಿ, ಜಿಗ್ನೇಶ ಏನೋ ಭಾರೀ ಜಗಳ ನಡೆದಿದೆ ಎಂದು ಕಣ್ಣರಳಿಸಿ ನೋಡುತ್ತಿದ್ದರು. ನಾನು ಕೂತುಬಿಟ್ಟೆ.

ಆಟ ಮುಗಿದ ಮೇಲೆ ಸರ್ ನನ್ನನ್ನು ಮೆಟ್ಟಿಲಿನ ತನಕ ಬಿಡಲು ಬಂದರು. ಅಲ್ಲಿ ಒಡೆಯನಿರಲಿಲ್ಲ, ಸರ್ ಇದ್ದರು. "ಜನವರಿಯಲ್ಲಿ ಒಂದು ದೊಡ್ಡ ಕೂಟ ಉಂಟು ಮಾರಾಯ್ತಿ. ಇಷ್ಟು ವರ್ಷ ಕಾದ ಪಾತ್ರ ಈ ಸಲ ನನಗೆ ಕೊಟ್ಟಿದ್ದಾರೆ. ಅದೊಂದು ಮುಗಿಯಲಿ. ಈಗ ಹೋಗಿ ಗಂಟಲು ಕೊಟ್ಟರೆ ಕೂಟಕ್ಕೆ ಹೋಗುವುದು ಯಾರು, ನೀನಾ?" ಎಂದು ನಗಲು ನೋಡಿದರು. ನಗು ಬರಲಿಲ್ಲ, ಗಾಳಿ ಬಂತು. ಮೆಟ್ಟಿಲಿನ ಕಂಬಿ ಹಿಡಿದು ಉಸಿರು ಸುಧಾರಿಸಿಕೊಂಡರು. ಅವರಿಗೆ ಹೆದರಿಕೆಯಾಗಿತ್ತು. ಸಾವಿನದ್ದಲ್ಲ, ಸ್ವರವಿಲ್ಲದೆ ಬದುಕುವುದರದ್ದು. ಅದು ನನಗೆ ಅವತ್ತು ಸ್ಪಷ್ಟವಾಗಿ ಕಂಡಿತು, ಆದರೂ ಬಾಯಿ ಬಿಡಲಿಲ್ಲ.

ಡಿಸೆಂಬರ್ ಬಂತು. ಆ ಭಾನುವಾರ ಅಕ್ಕ ಬಂದಿದ್ದರು. ನೀರುದೋಸೆ ಮಾಡಿ, ಬೆಲ್ಲ-ಕಾಯಿ ಸುತ್ತಿ, ನಮಗೆ ನಾಲ್ವರಿಗೂ ತಟ್ಟೆಯಲ್ಲಿಟ್ಟು ಕೊಟ್ಟರು. ನೀರುದೋಸೆ ಅಂದರೆ ಹಲ್ಲಿಲ್ಲದವರೂ ನುಂಗುತ್ತಾರೆ. ಸರ್ ಒಂದು ತುಂಡು ಬಾಯಿಗಿಟ್ಟು ನುಂಗಲು ನೋಡಿದರು. ಕುತ್ತಿಗೆಯ ನರ ಉಬ್ಬಿತು. ನುಂಗಲಾಗಲಿಲ್ಲ. ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ. ಕರವಸ್ತ್ರ ಬಾಯಿಗೆ ಒತ್ತಿ ತೆಗೆದಾಗ ಅದರಲ್ಲಿ ಕೆಂಪು.

"ಎಂತ ಅದು ತಮ್ಮ?" ಅಕ್ಕ ಅಡುಗೆಮನೆಯ ಬಾಗಿಲಿನಿಂದ ಕೇಳಿದರು.

"ಎಂತ ಇಲ್ಲ ಅಕ್ಕ. ಎಲೆಯಡಿಕೆಯದ್ದು" ಎಂದು ಸರ್ ಕರವಸ್ತ್ರ ಮಡಿಸಿ ಜೇಬಿಗೆ ಹಾಕಿದರು.

"ಆ ಹಾಳು ಎಲೆ ಬಿಡು ಅಂತ ಎಷ್ಟು ಹೇಳುದು ನಿಂಗೆ!" ಎಂದು ಗೊಣಗಿ ಅಕ್ಕ ಒಳಗೆ ತಿರುಗಿದರು.

ಎಲೆಯಡಿಕೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಅದು ಯಾಕೆಂದು ಗೊತ್ತಿದ್ದವಳು ಆ ರೂಮಿನಲ್ಲಿ ನಾನೊಬ್ಬಳೇ. ಸರ್ ನನ್ನ ಕಡೆ ನೋಡಿದರು. ನಾನು ತಟ್ಟೆ ಕೆಳಗಿಟ್ಟೆ. ನಾನು ಬಾಯಿ ತೆರೆಯುವುದು ಅವರಿಗೆ ಕಂಡಿರಬೇಕು, ದನಿ ಇಲ್ಲದ ಗಂಟಲಿನಿಂದಲೇ ಒಡೆಯನ ಮಾತು ಹೊರಟಿತು. "ಮಾತು ಕೊಟ್ಟಿದ್ದೀಯ..."

ಕನ್ನಡದಲ್ಲಿ ನನಗೆ ಬಾಯಿಯೇ ಬರಲಿಲ್ಲ. ಮಾತು ಕೊಟ್ಟದ್ದು ಕನ್ನಡದಲ್ಲಿ. ಅದರಲ್ಲಿ ಮುರಿಯಲು ನನ್ನಿಂದಾಗಲಿಲ್ಲ. ಹಿಂದಿಯಲ್ಲಿ ಕಿರುಚಿದೆ. "ಅಕ್ಕಾ, ವೋ ಖೂನ್ ಹೈ! ಸರ್ ಕೋ ಕ್ಯಾನ್ಸರ್ ಹೈ, ಗಲೇ ಮೇ! ಜೂನ್ ಸೇ ಪತಾ ಹೈ ಉನಕೋ. ನೀಲೀ ಫೈಲ್ ಮೇ ಸಬ್ ಹೈ, ಕಿತಾಬೋಂ ಕೇ ನೀಚೇ!" ರಕ್ತ, ಗಂಟಲಿನ ಕ್ಯಾನ್ಸರ್, ಜೂನಿನಿಂದ ಮುಚ್ಚಿಟ್ಟದ್ದು, ಪುಸ್ತಕಗಳ ಅಡಿಯ ಫೈಲು, ಎಲ್ಲ ಒಂದೇ ಉಸಿರಿಗೆ ಹೊರಬಿತ್ತು.

ಜಿಗ್ನೇಶನ ಕೈಯಿಂದ ದಾಳ ಬಿದ್ದು ಉರುಳಿತು. ಅಕ್ಕ ಹಿಟ್ಟಿನ ಸೌಟು ಹಿಡಿದುಕೊಂಡೇ ಹೊರಗೆ ಬಂದರು, ಹಿಟ್ಟು ಚಾಪೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತಮ್ಮನ ಜೇಬಿಗೆ ಕೈ ಹಾಕಿ ಕರವಸ್ತ್ರ ಎಳೆದು ತೆಗೆದರು, ಬಿಡಿಸಿ ನೋಡಿದರು. ಮತ್ತೆ ಅಲ್ಲೇ ಕುಸಿದು ಕೂತರು. ಅಳಲಿಲ್ಲ. "ತಮ್ಮ, ತಮ್ಮ" ಎಂದು ಎರಡು ಸಲ ಕರೆದರು.

ಸರ್ ಮೇಜಿನ ಮೇಲಿದ್ದ ಇನ್ನೊಂದು ನೀಲಿ ಫೈಲು ತೆಗೆದು ಅದರಲ್ಲಿ ನನ್ನ ಪಾತ್ರದ ಹಾಳೆ ಹುಡುಕಿದರು. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ತೆಗೆದುಕೊಂಡು, ಒಡೆಯ ಕೊಟ್ಟ ಬಲಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೇರ. ಹಾಳೆಯನ್ನು ನನ್ನ ಮುಂದಿಟ್ಟು, ಒಡೆಯನ ದನಿಯಲ್ಲಲ್ಲ, ತಮ್ಮದೇ ಉಳಿದಿದ್ದ ಚೂರು ದನಿಯಲ್ಲಿ ಹೇಳಿದರು.

"ಕೊಟ್ಟದ್ದೆಲ್ಲ ವಾಪಸ್."

ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು.

ಹತ್ತು ದಿನದೊಳಗೆ ಆಪರೇಷನ್ ಆಯಿತು. ತಡವಾಗಿತ್ತು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಪ್ರಾಣ ಉಳಿಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು, "ನೀನು ಹೇಳಿದ್ದಕ್ಕೆ ನನ್ನ ತಮ್ಮ ಉಳಿದ" ಎಂದರು. ಫೈಲು ಕಂಡದ್ದು ಯಾವಾಗ ಎಂದು ಕೇಳಿದರು, ಹೇಳಿದೆ. ಕೈ ಬಿಡದೆಯೇ ಅಂದರು, "ಆಗಸ್ಟಿನಲ್ಲೇ ಹೇಳಬಹುದಿತ್ತಲ್ಲ ಮಗಾ." ಬೈದದ್ದಲ್ಲ ಅದು. ಬೈದಿದ್ದರೆ ಒಳ್ಳೆಯದಿತ್ತು.

ಜನವರಿಯ ಕೂಟದಲ್ಲಿ ಆ ಪಾತ್ರವನ್ನು ಬೇರೆ ಯಾರೋ ಮಾಡಿದರು.

ಸರ್ ಮತ್ತೆ ಟ್ಯೂಷನ್ ಶುರುಮಾಡಿದರು. ಗಣಿತಕ್ಕೆ ಬಾಯಿ ಬೇಡ, ಬೋರ್ಡು ಸಾಕು. ಮಕ್ಕಳು ಬರುತ್ತಿದ್ದರು, ಮೊದಲಿಗಿಂತ ಗಪ್‌ಚುಪ್ ಕೂತು ಕಲಿಯುತ್ತಿದ್ದರಂತೆ. ಕೇತಕಿ, ಜಿಗ್ನೇಶ ಹೋದರೆ ಸ್ಲೇಟಿನಲ್ಲಿ ಬರೆದು ಮಾತಾಡುತ್ತಿದ್ದರು, ತಮಾಷೆ ಕೂಡ ಮಾಡುತ್ತಿದ್ದರು. ನಾನು ಹೋದಾಗ ಸ್ಲೇಟು ಮಗುಚಿ ಇಡುತ್ತಿದ್ದರು. ಕುಳಿತುಕೋ ಎಂದು ಕೈ ತೋರಿಸುತ್ತಿದ್ದರು, ನೀರು ತಂದುಕೊಡುತ್ತಿದ್ದರು. ಸ್ಲೇಟು ಮಾತ್ರ ಮಗುಚಿಯೇ ಇರುತ್ತಿತ್ತು. ಮೂರು ಸಲ ಹೋದೆ, ನಾಲ್ಕನೇ ಸಲ ಎರಡನೇ ಮಹಡಿಯ ತನಕ ಹತ್ತಿ ಹಾಗೇ ಇಳಿದು ಬಂದೆ. ಸಿಟ್ಟು ಬಂದಿತ್ತು ನನಗೂ. ನಿಮ್ಮ ಜೀವ ಉಳಿಸಿದವಳು ನಾನು, ಅಷ್ಟಾದರೂ ಅರ್ಥವಾಗುವುದಿಲ್ಲವೇ ಎಂದು ಒಳಗೊಳಗೆ ಕುದಿದೆ. ಅದರ ಹಿಂದೆಯೇ ಆಗಸ್ಟ್ ನೆನಪಾಗುತ್ತಿತ್ತು, ಬಾಯಿ ಮುಚ್ಚಿಹೋಗುತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಮುಲುಂಡಿನ ಒಂದು ಸಭಾಭವನದಲ್ಲಿ ತಾಳಮದ್ದಳೆ ಇತ್ತು. ಅಪ್ಪನ ಜೊತೆ ಹೋಗಿದ್ದೆ. ಸರ್ ಕೊನೆಯ ಸಾಲಿಗಿಂತ ಒಂದು ಸಾಲು ಮುಂದೆ ಒಬ್ಬರೇ ಕೂತಿದ್ದರು, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ಅಪ್ಪ ಮುಂದೆ ಹೋಗಿ ಕೂತರು. ನಾನು ಧೈರ್ಯ ಮಾಡಿ ಸರ್ ಅವರ ಸರಿಯಾಗಿ ಹಿಂದೆ, ಗೋಡೆಗೆ ಒರಗಿದ ಕುರ್ಚಿಯಲ್ಲಿ ಕೂತೆ. ಓರೆಯಿಂದ ಅವರ ಮುಖ ಕಾಣುತ್ತಿತ್ತು. ವೇದಿಕೆಯ ಮೇಲೆ ವಾದ ನಡೆಯುತ್ತಿತ್ತು, ಸರ್ ಅವರ ತುಟಿ ಆಡುತ್ತಿತ್ತು. ಆಡುತ್ತಿದ್ದವರ ಮಾತನ್ನು ಅನುಸರಿಸುತ್ತಿದ್ದದ್ದಲ್ಲ. ಅವರು ಬೇರೆಯೇ ಉತ್ತರ ಕೊಡುತ್ತಿದ್ದರು. ವೇದಿಕೆಯವರು ತಡವರಿಸಿದಾಗ ಸರ್ ಅವರ ತುಟಿ ಸರಸರ ಓಡುತ್ತಿತ್ತು, ಕೈ ತೊಡೆಯ ಮೇಲೆ ಎದ್ದು ಬೀಳುತ್ತಿತ್ತು. ಎದುರಾಳಿಯನ್ನು ಗೆದ್ದ ಮೇಲೆ ಬೆನ್ನು ಸಡಿಲಿಸಿ ಹಿಂದಕ್ಕೆ ಒರಗಿದರು.

ನನಗೆ ಅಳು ತಡೆಯಲು ಹೋಗಿ ಕೆಮ್ಮು ಬಂತು, ಬಿಡಲೇ ಇಲ್ಲ. ಸರ್ ತಿರುಗಿ ನೋಡಲಿಲ್ಲ. ಜೇಬಿಗೆ ಕೈ ಹಾಕಿ, ಭುಜದ ಮೇಲಿಂದ ಹಿಂದಕ್ಕೆ ಕೈ ಚಾಚಿದರು. ಬೆರಳುಗಳ ನಡುವೆ ಜ್ಯೇಷ್ಠಮಧುವಿನ ಒಂದು ತುಂಡು. ಅವರಿಗೆ ಅದರ ಅಗತ್ಯ ಇರಲಿಲ್ಲ, ಆದರೂ ಇಟ್ಟುಕೊಂಡಿದ್ದರು. ತಗೊಂಡೆ. ಕೆಮ್ಮಿದವಳು ಯಾರೆಂದು ಅವರಿಗೆ ಗೊತ್ತಿತ್ತೋ, ಯಾರಾದರೇನು ಎಂದು ಕೊಟ್ಟರೋ... ಮಂಗಳ ಹಾಡುವ ಮೊದಲೇ ಅವರು ಎದ್ದು ಹೋಗಿದ್ದರು.

ಮತ್ತೆ ಎರಡು ವರ್ಷಕ್ಕೆ ರೋಗ ಬೇರೆ ಕಡೆ ಕಾಣಿಸಿಕೊಂಡಿತು. ಸರ್ ಹೆಚ್ಚು ದಿನ ಇರಲಿಲ್ಲ.

ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ಫೋನ್ ಮಾಡಿದರು. ತಮ್ಮನ ಸ್ವರ ಒಂದು ಸಲ ಕೇಳಬೇಕಂತೆ. ಕೂಟದವರ ಹತ್ತಿರ ವಿಚಾರಿಸಿದರಂತೆ, ರೆಕಾರ್ಡ್ ಮಾಡಿದವರು ಯಾರೂ ಸಿಗಲಿಲ್ಲವಂತೆ. "ನಿಮ್ಮ ಆಟದ್ದು ಎಂತದಾದ್ರೂ ಉಂಟಾ ಮಗಾ?" ಕೇತಕಿಯ ಆ ಸೆಪ್ಟೆಂಬರಿನ ರೆಕಾರ್ಡಿಂಗ್ ನನ್ನ ಫೋನಿಗೂ ಬಂದಿತ್ತು, ಉಳಿದಿತ್ತು. ದಹಿಸರ್‌ಗೆ ತಗೊಂಡು ಹೋಗಿ ಅಕ್ಕನ ಕಿವಿಯ ಹತ್ತಿರ ಹಿಡಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಅರ್ಧದಲ್ಲೇ ಫೋನನ್ನು ಮೆಲ್ಲಗೆ ಸರಿಸಿದರು.

"ಇದು ಅವನ ಸ್ವರ ಅಲ್ಲ ಮಗಾ" ಎಂದರು.

ನಿಜ. ಅದು ರೋಗದ ಸ್ವರ. ಅವರದೇ ಆದ ಆ ಸ್ವರ, ಜನ ಹುಚ್ಚುಗಟ್ಟಿ ಕೇಳಲು ಹೋಗುತ್ತಿದ್ದ ಸ್ವರ, ನನಗೆ ನಾಲ್ಕು ವರ್ಷ ತ್ರಿಕೋನಮಿತಿ ಹೇಳಿಕೊಟ್ಟ ಸ್ವರ, ಯಾರ ಹತ್ತಿರವೂ ಇಲ್ಲ.

ಕಳೆದ ವಾರ ಅಂಗಡಿಯಿಂದ ತಂದ ಜ್ಯೇಷ್ಠಮಧು ಈಗಲೂ ಬಾಯಲ್ಲಿದೆ. ಕೆಮ್ಮು ಸ್ವಲ್ಪ ಇಳಿದಿದೆ. ನಿನ್ನೆ ಅಡುಗೆಮನೆಯಲ್ಲಿ ನಿಂತು ಅವರ ಹಳೆಯ ಸ್ವರ ನೆನಪಿಸಿಕೊಳ್ಳಲು ನೋಡಿದೆ. ಅವರು ಹೇಳಿಕೊಟ್ಟ ಸೂತ್ರಗಳು ಸಾಲಾಗಿ ಬಂದವು, ಕಪ್ಪುಹಲಗೆ ಬಂತು, ಸೀಮೆಸುಣ್ಣ ಮೆತ್ತಿದ ಬೆರಳುಗಳು ಬಂದವು. ಸ್ವರ ಬರಲಿಲ್ಲ. ಬರುವುದು ಬರೀ ಒಡೆಯನ ಗರಗರ ದನಿ.

ಆ ರೆಕಾರ್ಡಿಂಗ್ ಅಳಿಸಿಲ್ಲ. ನಾಲ್ಕು ನಿಮಿಷದ್ದು. ಒಡೆಯನ ಮಾತು ನಡೆದು, ನಡುವೆ ನಿಂತು, ಒಂದು ಕ್ಷಣ, ಎರಡು ಕ್ಷಣ ಬರೀ ಫ್ಯಾನಿನ ಶಬ್ದ. ಮತ್ತೆ ಚಪ್ಪಾಳೆ. ಮೂವರದೂ ಕೇಳುತ್ತದೆ. ಮೊದಲು ಶುರುವಾಗುವುದು ನನ್ನದು, ಎಲ್ಲಕ್ಕಿಂತ ಜೋರಾಗಿ.